ಮನೆಗೂ ಮೊದಲ ಇಂಜೆಕ್ಷನ್‌ಗೂ ನಡುವೆ: ಮಾನಸಿಕ ತುರ್ತಿನಲ್ಲಿ ಪೊಲೀಸ್ ಬಲಪ್ರಯೋಗ

ಮಾನಸಿಕ ಕಾಯಿಲೆ ಕೆರಳಿದವರನ್ನು ಪೊಲೀಸರು ಹಿಡಿಯುವ ಬಗೆಯ ಕುರಿತು ಈಚೆಗೆ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿವೆ. ಠಾಣೆಗಳಲ್ಲಿ ಹೇಳುವುದು, ‘2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ನಾವು ಮುಟ್ಟುವ ಹಾಗಿಲ್ಲ.’ ಕಾರ್ಯಾಗಾರಗಳಲ್ಲಿ ಹೇಳುವುದು, ‘ಅಮೆರಿಕದ ಮೆಂಫಿಸ್‌ನಲ್ಲಿ ಮಾಡಿದಂತೆ ಪೊಲೀಸರಿಗೆ 40 ಗಂಟೆಗಳ ತರಬೇತಿ ಕೊಟ್ಟರೆ ಸರಿಹೋಗುತ್ತದೆ.’ ಮೊದಲನೆಯದು ಕಾಯ್ದೆಯನ್ನು ಓದದೆ ಆಡುವ ಮಾತು. ಎರಡನೆಯದು ಮೆಂಫಿಸ್‌ನ ಕಥೆಯನ್ನು ಅರ್ಧ ಓದಿ ಆಡುವ ಮಾತು. ಹಳ್ಳಿಗಳಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಬಹುಕಾಲ ದುಡಿದ ನನಗೆ ಎರಡೂ ಕಳವಳ ತರುತ್ತವೆ. ಎರಡರಲ್ಲೂ ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಂಥ ಜಾಗಕ್ಕೆ ನೆಲೆಯೇ ಇಲ್ಲ.

ಅಂಥ ಹೋಬಳಿಯ ಒಂದು ಊರಿನಲ್ಲಿ ಆಗುವುದೇನು? ನಾಲ್ಕು ದಿನದಿಂದ ಕಣ್ಣು ಮುಚ್ಚದ ಹುಡುಗ ನಡುರಾತ್ರಿ ಅಂಗಳದಲ್ಲಿ ನಿಂತು ಕೂಗಾಡುತ್ತಾನೆ, ಹತ್ತಿರ ಬಂದವರ ಮೇಲೆ ಎರಗುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ವೈದ್ಯರಿಲ್ಲ. ಆಂಬುಲೆನ್ಸ್‌ನವರು ಪೊಲೀಸರು ಬರಲಿ ಅನ್ನುತ್ತಾರೆ, ಪೊಲೀಸರು ಆಂಬುಲೆನ್ಸ್ ಬರಲಿ ಅನ್ನುತ್ತಾರೆ. ಕೊನೆಗೆ ಅಣ್ಣತಮ್ಮಂದಿರು, ಅಕ್ಕಪಕ್ಕದ ಮನೆಯವರು, ಒಬ್ಬಿಬ್ಬರು ಕಾನ್‌ಸ್ಟೇಬಲ್‌ಗಳು ಸೇರಿ ಅವನನ್ನು ಕೆಡವಿ, ದನದ ಹಗ್ಗದಲ್ಲಿ ಕೈಕಾಲು ಬಿಗಿದು, ಟಾಟಾ ಏಸ್‌ಗೆ ಹಾಕಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಡುತ್ತಾರೆ. ಸುಮಾರು 50 ಕಿಲೋಮೀಟರ್. ಆ ದಾರಿಯಲ್ಲಿ ಅವನನ್ನು ಬೋರಲು ಹಾಕಿದ್ದಾರೋ ಮಗ್ಗುಲಾಗಿ ಮಲಗಿಸಿದ್ದಾರೋ ಎಂಬುದು ಪ್ರಾಣದ ಪ್ರಶ್ನೆ. (ಮಾನಸಿಕ ಕಾಯಿಲೆಯುಳ್ಳ ಬಹುಪಾಲು ಜನ ಯಾರ ಮೇಲೂ ಕೈಯೆತ್ತುವವರಲ್ಲ. ಇದನ್ನು ಪ್ರತಿಸಲವೂ ಹೇಳಬೇಕಾಗಿದೆ, ಹೇಳುತ್ತೇನೆ.) ಈ ಕ್ಷೇತ್ರದ ಚರಿತ್ರೆಯನ್ನು ನಾವು ಕಾಯ್ದೆಗಳ ಚರಿತ್ರೆಯಾಗಿ ಬರೆಯುತ್ತ ಬಂದಿದ್ದೇವೆ. ನನ್ನ ಮಟ್ಟಿಗೆ ಅದು ರೋಗಿಯ ಮನೆಗೂ ಅವನಿಗೆ ಸಿಗುವ ಮೊದಲ ಇಂಜೆಕ್ಷನ್‌ಗೂ ನಡುವಿನ ದೂರದ ಚರಿತ್ರೆ.

ಹಳೆಯ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ 1845ರದು, ಬೆಂಗಳೂರಿನದು ಹೆಚ್ಚುಕಡಿಮೆ ಅದೇ ಕಾಲದ್ದು. 1912ರ ಲೂನಸಿ ಆ್ಯಕ್ಟ್ ಪ್ರಕಾರ ಠಾಣಾಧಿಕಾರಿ ಅಲೆದಾಡುವ ರೋಗಿಯನ್ನು ಬಂಧಿಸಬಹುದಿತ್ತು, ಅಪಾಯಕಾರಿ ಎನಿಸಿದವನನ್ನು ಬಂಧಿಸಲೇಬೇಕಿತ್ತು. ಬಂಧಿಸಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ವೈದ್ಯ ಬರುವುದು ಆಮೇಲೆ. ಬೆಂಗಳೂರಿನ ಆಸ್ಪತ್ರೆ 1930ರ ದಶಕದಲ್ಲಿ ಲಕ್ಕಸಂದ್ರದ ವಿಶಾಲ ಜಾಗಕ್ಕೆ ಬಂತು, 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಒಳಗಡೆ ಇಷ್ಟೆಲ್ಲ ಬದಲಾದರೂ ರೋಗಿ ಗೇಟಿನವರೆಗೆ ಬರುವ ರೀತಿ ಮಾತ್ರ 1912ರದೇ ಆಗಿತ್ತು. ಆ ಕಾಯ್ದೆ 1993ರ ಏಪ್ರಿಲ್‌ವರೆಗೂ ನಡೆಯಿತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ನಿಜವಾದ ತಿರುವು ಕಾಯ್ದೆಯಿಂದ ಬರಲಿಲ್ಲ, ಸಕಲವಾರದಿಂದ ಬಂತು. 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಬನ್ನೇರುಘಟ್ಟದ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಆರ್. ಎಲ್. ಕಪೂರ್, ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಹೆಸರಿನ ಮೊದಲಕ್ಷರದಲ್ಲೇ ಚನ್ನಪಟ್ಟಣವನ್ನು ಹೊತ್ತ ಸಿ. ಆರ್. ಚಂದ್ರಶೇಖರ್ ಅಲ್ಲಿ ಕೇಳಿಕೊಂಡ ಪ್ರಶ್ನೆ ಸರಳ: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು, ಔಷಧಿ ಕೊಡುವುದನ್ನು ಕಲಿಸಲು ಆಗುವುದಿಲ್ಲವೇ? ಆಗುತ್ತದೆ ಎಂದು ಅವರು ತೋರಿಸಿದರು. ಕ್ಲೋರ್‌ಪ್ರೊಮಝೀನ್‌ನಂಥ ಕೆಲವೇ ಮಾತ್ರೆಗಳು, ಕೆಲವು ವಾರಗಳಿಗೊಮ್ಮೆ ಚುಚ್ಚುವ ಫ್ಲುಫೆನಝೀನ್, ಒಂದು ಕೈಪಿಡಿ, ಒಂದು ನೋಂದಣಿ ಪುಸ್ತಕ. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹಿಂದೆ ಈ ಅನುಭವವೂ ಇತ್ತು. 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಡೆಸಿ ನೋಡಿದರು, 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಈ ತಲೆಮಾರನ್ನು ಈಗ ‘ಬರೀ ಮಾತ್ರೆ ಹಂಚಿದವರು’ ಎಂದು ಬದಿಗೆ ಸರಿಸುವುದು ರೂಢಿಯಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಅವರ ಬರಹಗಳಲ್ಲಿ ಪೊಲೀಸರ ಪ್ರಸ್ತಾಪ ತೀರಾ ಕಡಿಮೆ, ನಿಜ. ಆದರೆ ತಿಂಗಳಿಗೊಮ್ಮೆ ಇಂಜೆಕ್ಷನ್ ತಪ್ಪದ ಮನೆಗೆ ಪೊಲೀಸರು ಬರಬೇಕಾದ ಸಂದರ್ಭವೇ ವಿರಳ. ಊರಿನ ಕಾರ್ಯಕರ್ತೆಗೆ ಮೂರನೆಯ ದಿನವೇ ‘ಅಕ್ಕಾ, ಇವನು ಮತ್ತೆ ನಿದ್ದೆ ಮಾಡ್ತಿಲ್ಲ’ ಎಂದು ಸುದ್ದಿ ಮುಟ್ಟಿದರೆ, ಐದನೆಯ ದಿನದ ಹಗ್ಗ ತಪ್ಪುತ್ತದೆ. ಬಲಪ್ರಯೋಗವನ್ನು ಇಳಿಸಿದ ಈ ಕೆಲಸಕ್ಕೆ ಯಾವ ಅಂಕಿಅಂಶವೂ ಉಳಿದಿಲ್ಲ. ಆಗದೇ ಹೋದ ಹಿಂಸೆಯನ್ನು ಯಾರೂ ಬರೆದಿಡುವುದಿಲ್ಲ.

1993ರಲ್ಲಿ ಜಾರಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಭಾಷೆ ಮೆದುವಾಯಿತು, ಮ್ಯಾಜಿಸ್ಟ್ರೇಟರ ದಾರಿ ಹಾಗೆಯೇ ಉಳಿಯಿತು. ಆ ವರ್ಷಗಳಲ್ಲಿ ಕಣ್ಣು ತೆರೆಸಿದವು ಬೇರೆಯೇ. ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ ಎಂದು 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ನಿಮ್ಹಾನ್ಸ್ ತಂಡ ಸಿದ್ಧಪಡಿಸಿದ ವರದಿಯಲ್ಲಿ, ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನು ಬಯಲಿಗಿಟ್ಟಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ಸರಪಳಿ ಹಾಕಿದವರು ಪೊಲೀಸರಲ್ಲ. ಬೇರೆ ದಾರಿ ಕಾಣದ ಮನೆಯವರೇ ಅವರನ್ನು ಅಲ್ಲಿಗೆ ತಂದು ಬಿಟ್ಟಿದ್ದರು.

ಈ ಅವಧಿಯ ಒಂದು ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ಪ್ರತಾಪ್ ಥರಿಯನ್ ಮತ್ತು ಸಂಗಡಿಗರು ಕೆರಳಿದ 200 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು 2004ರಲ್ಲಿ ಪ್ರಕಟಿಸಿದರು. ಲೊರಝೆಪಾಮ್‌ಗೆ ಹೋಲಿಸಿದರೆ ಹಾಲೊಪೆರಿಡಾಲ್ ಮತ್ತು ಪ್ರೊಮೆಥಝೀನ್ ಜೋಡಿ ಬೇಗ ಶಾಂತಗೊಳಿಸುತ್ತದೆ ಎಂದು ಅದು ತೋರಿಸಿತು. ಎರಡೂ ಅಗ್ಗದ, ಹಳೆಯ ಔಷಧಿಗಳು. ಇವನ್ನು ಇಟ್ಟುಕೊಳ್ಳಲು ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ಮುಂದೆ 2013ರಲ್ಲಿ ಮನೋವೈದ್ಯಕೀಯದಲ್ಲಿನ ಬಲವಂತವನ್ನು ಕುರಿತ ‘ಮೈಸೂರು ಘೋಷಣೆ’ ಬಂತು. ಬಿ. ಎನ್. ರವೀಶ್ ಮತ್ತು ಜೊತೆಗಾರರು ಬಲವಂತವನ್ನು ಕಡಿಮೆ ಮಾಡುವ ಮಾತನ್ನು ನಮ್ಮ ನೆಲದಲ್ಲೇ ನಿಂತು ಆಡಿದರು. ಆದರೆ ವೆಲ್ಲೂರು, ಮೈಸೂರು ಎರಡೂ ನೋಡಿದ್ದು ಆಸ್ಪತ್ರೆಯ ಒಳಗನ್ನು.

ಈಗ 2017ರ ಕಾಯ್ದೆಗೆ ಬರೋಣ. ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 100ನೇ ಸೆಕ್ಷನ್ ಪೊಲೀಸರ ಕೈ ಕಟ್ಟುವುದಿಲ್ಲ, ಅವರ ಮೇಲೆ ಕರ್ತವ್ಯವನ್ನೇ ಹೊರಿಸುತ್ತದೆ. ತನಗೋ ಬೇರೆಯವರಿಗೋ ಅಪಾಯ ತರಬಹುದಾದ ರೋಗಿಯನ್ನು, ತನ್ನನ್ನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಕಾರಣ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡಬಾರದು. ಹತ್ತಿರದ ಕೇಂದ್ರ ಎಂದರೆ ನಿಮ್ಹಾನ್ಸೇ ಆಗಬೇಕಿಲ್ಲ ಎಂಬುದನ್ನು ಗಮನಿಸಬೇಕು.

95ನೇ ಸೆಕ್ಷನ್ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸುತ್ತದೆ. 97ನೇ ಸೆಕ್ಷನ್ ಆಸ್ಪತ್ರೆಯೊಳಗೆ ರೋಗಿಯನ್ನು ಕಟ್ಟಿಹಾಕುವುದಕ್ಕೆ ಬಿಗಿಯಾದ ನಿಯಮ ಹಾಕಿದೆ: ಬೇರೆ ಉಪಾಯವಿಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ತೀರಾ ಅಗತ್ಯವಿರುವಷ್ಟು ಹೊತ್ತು, ಎಲ್ಲವನ್ನೂ ದಾಖಲಿಸಿ. ಸಿಬ್ಬಂದಿ ಕಡಿಮೆ ಎಂಬುದು ಕಾರಣವಾಗುವಂತಿಲ್ಲ. ಒಳ್ಳೆಯ ನಿಯಮ. ಆದರೆ ಇದು ಆಸ್ಪತ್ರೆಯ ಹೊಸ್ತಿಲಿನ ಒಳಗೆ ಮಾತ್ರ ಅನ್ವಯಿಸುತ್ತದೆ. ಅಂಗಳದಲ್ಲಿ, ಟಾಟಾ ಏಸ್‌ನಲ್ಲಿ, ಜೀಪಿನಲ್ಲಿ ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬಹುದು, ಯಾರು ಬರೆದಿಡಬೇಕು ಎಂದು 100ನೇ ಸೆಕ್ಷನ್ ಹೇಳುವುದಿಲ್ಲ. ಬೇಡಿಯ ಬಗ್ಗೆ ಸುಪ್ರೀಂ ಕೋರ್ಟ್ 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಕೊಟ್ಟ ತೀರ್ಪೂ ಕೈದಿಗಳನ್ನು ಕುರಿತದ್ದು. ಹೀಗಾಗಿ ಕಳ್ಳನಿಗೆ ಇರುವಷ್ಟು ಸ್ಪಷ್ಟವಾದ ರಕ್ಷಣೆಯೂ ರೋಗಿಗೆ ಸಿಕ್ಕಿಲ್ಲ.

ಹೊರದೇಶಗಳೂ ಇದೇ ಹೊಸ್ತಿಲಲ್ಲಿ ಎಡವಿವೆ. 2010ರಲ್ಲಿ ಲಂಡನ್‌ನ ಬೆಥ್ಲೆಮ್ ಆಸ್ಪತ್ರೆಯಲ್ಲಿ ಹನ್ನೊಂದು ಪೊಲೀಸರು ಅದುಮಿ ಹಿಡಿದ ಬಳಿಕ 23 ವರ್ಷದ ಒಲಸೇನಿ ಲೂಯಿಸ್ ಸತ್ತ. ಅವನ ನೆನಪಿನಲ್ಲಿ 2018ರಲ್ಲಿ ಬಂದ ಕಾನೂನು ಬಲಪ್ರಯೋಗವನ್ನು ದಾಖಲಿಸಲೇಬೇಕು, ಪೊಲೀಸರು ಕ್ಯಾಮೆರಾ ಧರಿಸಬೇಕು ಅನ್ನುತ್ತದೆ. ಆದರೆ ಅದೂ ಮಾನಸಿಕ ಆರೋಗ್ಯ ಘಟಕಗಳ ಒಳಗೆ ಮಾತ್ರ. ಅಮೆರಿಕದಲ್ಲಿ ಇಂಥ ಸಾವುಗಳಿಗೆ ‘ಎಕ್ಸೈಟೆಡ್ ಡೆಲಿರಿಯಂ’ ಎಂಬ ಕಾರಣ ಬರೆಯುವ ಅಭ್ಯಾಸ ವರ್ಷಗಟ್ಟಲೆ ನಡೆಯಿತು. ಅಲ್ಲಿನ ವೈದ್ಯಕೀಯ ಸಂಘ 2021ರಲ್ಲಿ, ತುರ್ತು ವೈದ್ಯರ ಸಂಘ 2023ರಲ್ಲಿ ಅದನ್ನು ತಳ್ಳಿಹಾಕಿದವು. ಬೆನ್ನ ಮೇಲೆ ಮೊಣಕಾಲು ಊರಿದರೆ ಎದೆ ಅಗಲಿಸಿ ಉಸಿರು ಎಳೆದುಕೊಳ್ಳಲಾಗುವುದಿಲ್ಲ. ಗಾಳಿಗಾಗಿ ಒದ್ದಾಡುವುದನ್ನು ಹಿಡಿದವರು ಪ್ರತಿಭಟನೆ ಎಂದುಕೊಂಡು ಇನ್ನಷ್ಟು ಅದುಮುತ್ತಾರೆ.

ಮೆಂಫಿಸ್‌ನ ವ್ಯವಸ್ಥೆ 1988ರದು, ಪೊಲೀಸರ ಗುಂಡಿಗೆ ಒಬ್ಬ ರೋಗಿ ಬಲಿಯಾದ ಮೇಲೆ ಹುಟ್ಟಿದ್ದು. ನಮ್ಮವರು 40 ಗಂಟೆಗಳ ತರಬೇತಿಯನ್ನಷ್ಟೇ ಹೊತ್ತು ತಂದರು. ಅಲ್ಲಿ ಪೊಲೀಸರು ಯಾವ ಹೊತ್ತಿನಲ್ಲಿ ರೋಗಿಯನ್ನು ತಂದರೂ ಇಲ್ಲವೆನ್ನದೆ ಸೇರಿಸಿಕೊಂಡು, ಪೊಲೀಸರನ್ನು ಬೇಗ ಬಿಟ್ಟುಕಳಿಸುವ ಒಂದು ಆಸ್ಪತ್ರೆಯಿತ್ತು. ಆ ಭಾಗವನ್ನು ಬಿಟ್ಟು ಬಂದರು. ತರಬೇತಿಯಿಂದ ಪೊಲೀಸರ ತಿಳಿವಳಿಕೆ, ಮನೋಭಾವ ಸುಧಾರಿಸುತ್ತವೆ, ಬಲಪ್ರಯೋಗವೋ ಗಾಯವೋ ಕಡಿಮೆಯಾಯಿತೆಂಬುದಕ್ಕೆ ಆಧಾರ ಸಾಲದು ಎಂದು 2019ರಲ್ಲಿ ಅಲ್ಲಿನ ಮನೋವೈದ್ಯರೇ ಎಲ್ಲ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಬರೆದರು. ತರಬೇತಿ ಬೇಡವೆನ್ನುತ್ತಿಲ್ಲ. ನಮ್ಮ 2017ರ ಕಾಯ್ದೆಯ 30ನೇ ಸೆಕ್ಷನ್ ಅದನ್ನು ಸರ್ಕಾರದ ಹೊಣೆಯಾಗಿಸಿದೆ, ಪೊಲೀಸ್ ತರಬೇತಿ ಶಾಲೆ ನಮ್ಮ ಜಿಲ್ಲೆಯ ಚನ್ನಪಟ್ಟಣದಲ್ಲೇ ಇದೆ. ಬೋರಲು ಹಾಕಬಾರದು, ಕುತ್ತಿಗೆ ಬೆನ್ನುಗಳ ಮೇಲೆ ಭಾರ ಬಿಡಬಾರದು, ಒಬ್ಬರೇ ಮಾತನಾಡಬೇಕು, ಲಾಠಿ ಕಾಣಿಸದಂತೆ ಇಡಬೇಕು, ಹೆಣ್ಣುಮಕ್ಕಳಿದ್ದಲ್ಲಿ ಮಹಿಳಾ ಸಿಬ್ಬಂದಿ ಇರಬೇಕು. ಇಷ್ಟನ್ನು ಅಲ್ಲಿಂದ ಹೊರಬರುವ ಪ್ರತಿ ಕಾನ್‌ಸ್ಟೇಬಲ್ ಕಲಿತಿರಲಿ. ಆದರೆ ಹಿಡಿದ ಮೇಲೆ ಎಲ್ಲಿಗೆ?

ಉತ್ತರ ಕಾಯ್ದೆಯ 94ನೇ ಸೆಕ್ಷನ್‌ನಲ್ಲಿದೆ, ಅದನ್ನು ಉದ್ಧರಿಸುವವರು ಕಡಿಮೆ. ಪ್ರಾಣಾಪಾಯವೋ ಗಂಭೀರ ಹಾನಿಯೋ ಎದುರಿದ್ದಾಗ ನೋಂದಾಯಿತ ವೈದ್ಯರು ಯಾರೇ ಆಗಲಿ, ಮನೋವೈದ್ಯರೇ ಆಗಬೇಕಿಲ್ಲ, ಆಸ್ಪತ್ರೆಯಲ್ಲಿ ಮಾತ್ರವಲ್ಲ ರೋಗಿ ಇರುವ ಊರಿನಲ್ಲೇ ತುರ್ತು ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆಯಬೇಕು. ಗರಿಷ್ಠ ಅವಧಿ 72 ಗಂಟೆ. ಸಾಗಿಸುವುದೂ ಅದರಲ್ಲೇ ಸೇರಿದೆ. ವೈದ್ಯರು ಮೊದಲು ನೋಡುವುದರಿಂದ ಇನ್ನೊಂದು ಲಾಭವಿದೆ. ಹಳ್ಳಿಯಲ್ಲಿ ‘ತಲೆ ಕೆಟ್ಟಿದೆ’ ಎಂದು ಕಟ್ಟಿ ತರುವವರಲ್ಲಿ ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಭ್ರಮೆ ಹತ್ತಿದವರು, ಸಕ್ಕರೆ ಇಳಿದವರು, ತಲೆಗೆ ಪೆಟ್ಟು ಬಿದ್ದವರು, ಮಿದುಳು ಜ್ವರದವರು ಇರುತ್ತಾರೆ. ಹಗ್ಗದಲ್ಲಿ ಎರಡು ಗಂಟೆ ಕಳೆದರೆ ಇವರ ಪ್ರಾಣಕ್ಕೇ ಅಪಾಯವಾಗಬಹುದು. ಒಂದು ಹನಿ ರಕ್ತದ ಸಕ್ಕರೆ ಪರೀಕ್ಷೆಗೆ ಮನೋವೈದ್ಯರು ಬೇಕಿಲ್ಲ.

2022ರ ಅಕ್ಟೋಬರ್ 10ರಿಂದ ಟೆಲಿ-ಮನಸ್ ಸಹಾಯವಾಣಿ 14416 ನಡೆಯುತ್ತಿದೆ, ಅದರ ಉನ್ನತ ಕೇಂದ್ರ ನಿಮ್ಹಾನ್ಸೇ. ರಾತ್ರಿಪಾಳಿಯ ಸಾಮಾನ್ಯ ವೈದ್ಯರು ಹೆದರದೆ ಮೊದಲ ಇಂಜೆಕ್ಷನ್ ಕೊಡಲು ಫೋನಿನಲ್ಲಿ ಒಬ್ಬ ಮನೋವೈದ್ಯರ ಬೆಂಬಲ ಸಿಕ್ಕರೆ ಸಾಕು. ಸಕಲವಾರ ಹೇಳಿಕೊಟ್ಟದ್ದೂ ಇದನ್ನೇ.

ಲೆಕ್ಕದ ಮಾತೂ ಬಾಕಿಯಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಕಸ್ಟಡಿ ಸಾವಿನ ಪಟ್ಟಿಯಲ್ಲಿ ಅನಾರೋಗ್ಯ, ಆತ್ಮಹತ್ಯೆ ಎಂಬ ಸಾಲುಗಳಿವೆ. ಮಾನಸಿಕ ತುರ್ತಿನಲ್ಲಿ ಹಿಡಿಯುವಾಗ ಸತ್ತವರಿಗೆ ಅಲ್ಲಿ ಸಾಲಿಲ್ಲ. ಗಾಯಗೊಂಡವರನ್ನು ಕೇಳುವವರೇ ಇಲ್ಲ. ಆದ್ದರಿಂದ ನಮ್ಮ ಜಿಲ್ಲೆಯಿಂದಲೇ ಶುರುಮಾಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸರ್ಕಾರಿ ಆಸ್ಪತ್ರೆಗಳ ತುರ್ತು ಕೊಠಡಿಗಳಲ್ಲಿ ಹಾಲೊಪೆರಿಡಾಲ್, ಪ್ರೊಮೆಥಝೀನ್, ಗ್ಲುಕೋಮೀಟರ್ ರಾತ್ರಿಯೂ ಕೈಗೆ ಸಿಗುವಂತಿರಲಿ. ಪಕ್ಕದಲ್ಲಿ ಒಂದು ಪುಸ್ತಕವಿರಲಿ: ರೋಗಿಯನ್ನು ಕರೆತಂದವರು ಯಾರು, ಕಟ್ಟಿದ್ದು ಯಾವುದರಿಂದ, ಯಾವ ಭಂಗಿಯಲ್ಲಿ, ಎಷ್ಟು ಹೊತ್ತು, ಮೈಮೇಲಿನ ಗಾಯಗಳೇನು, ಮನೆಯವರು ಮೊದಲು ಫೋನ್ ಮಾಡಿದ್ದು ಎಷ್ಟು ಹೊತ್ತಿಗೆ, ಮೊದಲ ಇಂಜೆಕ್ಷನ್ ಸಿಕ್ಕಿದ್ದು ಎಷ್ಟು ಹೊತ್ತಿಗೆ. ಒಂದು ವರ್ಷ ಇದನ್ನು ಬರೆದಿಟ್ಟು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೂ ಪೊಲೀಸ್ ವರಿಷ್ಠಾಧಿಕಾರಿಯೂ ಒಟ್ಟಿಗೆ ಕೂತು ಓದಲಿ.