ಒಂದೇ ಮನೆ, ಮೂರು ಮಕ್ಕಳು, ಅದರಲ್ಲಿ ಇಬ್ಬರು ಪರದೇಶಿಗಳು

ಇವತ್ತು ಒಂದು ಮನೆಯಿಂದ ಶುರು ಮಾಡ್ತೀನಿ.

ಆಫ್ರಿಕಾದ ಬೋಟ್ಸ್ವಾನಾ ದೇಶ. ಅಮ್ಮ ಅಲ್ಲೇ ಹುಟ್ಟಿ ಬೆಳೆದವರು, ವಕೀಲೆ, ಹೆಸರು ಯೂನಿಟಿ ಡೌ. ಅಪ್ಪ ಅಮೆರಿಕದವರು, ಆದ್ರೆ ವರ್ಷಗಳಿಂದ ಬೋಟ್ಸ್ವಾನಾದಲ್ಲೇ ಇದ್ದವರು. ಮೊದಲ ಮಗಳು ಹುಟ್ಟಿದ್ದು 1979ರಲ್ಲಿ, ಇಬ್ಬರೂ ಮದುವೆ ಆಗೋಕೆ ಮುಂಚೆ. 1984ರಲ್ಲಿ ಮದುವೆ. 1985 ಮತ್ತು 1987ರಲ್ಲಿ ಇನ್ನೆರಡು ಮಕ್ಕಳು. ಮೂವರೂ ಹುಟ್ಟಿದ್ದು ಬೋಟ್ಸ್ವಾನಾದ ನೆಲದಲ್ಲೇ. ಆದ್ರೆ ಸರ್ಕಾರದ ಲೆಕ್ಕದಲ್ಲಿ ದೊಡ್ಡವಳು ಮಾತ್ರ ಪ್ರಜೆ. ಉಳಿದಿಬ್ಬರು ಪರದೇಶಿಗಳು.

ಯಾಕೆ ಅಂದ್ರೆ, ದೊಡ್ಡವಳಿಗೆ ಹಳೇ ಕಾನೂನು ಅನ್ವಯ ಆಯ್ತು. ಕಿರಿಯರು ಹುಟ್ಟೋ ಹೊತ್ತಿಗೆ 1984ರ ಪೌರತ್ವ ಕಾಯಿದೆ ಬಂದಿತ್ತು. ಅದು ಹೇಳಿದ್ದಿಷ್ಟು: ಮಗು ಹುಟ್ಟಿದಾಗ ಅಪ್ಪ ಬೋಟ್ಸ್ವಾನಾದ ಪ್ರಜೆ ಆಗಿರಬೇಕು. ಅಮ್ಮ ಪ್ರಜೆಯಾಗಿದ್ರೆ ಸಾಕು ಅನ್ನೋದು ಒಂದೇ ಒಂದು ಸಂದರ್ಭದಲ್ಲಿ, ಅಪ್ಪ ಅಮ್ಮಂಗೆ ಮದುವೆ ಆಗಿರದಿದ್ರೆ! ಇನ್ನೊಂದು ಸಲ ಓದಿ ನೋಡಿ. ತಾಳಿ ಕಟ್ಟಿಸ್ಕೊಂಡ ಕ್ಷಣಕ್ಕೆ ಹೆಣ್ಣು ತನ್ನ ಮಗುವಿಗೆ ದೇಶ ಕೊಡೋ ಹಕ್ಕು ಕಳ್ಕೊಳ್ತಾಳೆ. (ಅಲ್ಲಿ ತಾಳಿ ಇಲ್ಲ, ಗೊತ್ತು. ಮಾತಿಗೆ ಹೇಳಿದೆ.) ಗಂಡ ಹೆಂಡತಿ ವಿಷಯದಲ್ಲೂ ಅದೇ ಕಥೆ. ಅಲ್ಲಿನ ಗಂಡಸು ವಿದೇಶಿ ಹುಡುಗೀನ ಮದುವೆಯಾದ್ರೆ ಆಕೆಗೆ ಪೌರತ್ವದ ದಾರಿ ಸಲೀಸು. ಅಲ್ಲಿನ ಹೆಂಗಸನ್ನ ಮದುವೆಯಾದ ವಿದೇಶಿ ಗಂಡನಿಗೆ ಆ ಸಲೀಸು ಇರಲಿಲ್ಲ.

ಕಾಗದದ ಮಾತು ಅಂತ ಅನ್ನಿಸಬಹುದು. ಆದ್ರೆ ಆ ಇಬ್ಬರು ಮಕ್ಕಳು ತಮ್ಮದೇ ಮನೇಲಿ ಇರೋಕೆ ಅಪ್ಪನ ವಾಸದ ಪರ್ಮಿಟ್ ಬೇಕು. ಅದು ಮುಂದೆ ನವೀಕರಣ ಆಗದಿದ್ರೆ ಅಪ್ಪನ ಜೊತೆ ಮಕ್ಕಳೂ ದೇಶ ಬಿಡ್ಬೇಕು. ಅಮ್ಮನ ಪಾಸ್‌ಪೋರ್ಟ್ ಮೇಲೆ ಗಡಿ ದಾಟೋ ಹಾಗಿಲ್ಲ. ಅಕ್ಕನಿಗೆ ಸಿಗೋ ಕಾಲೇಜು ಸಹಾಯಧನ ತಮ್ಮ ತಂಗಿಗೆ ಸಿಗಲ್ಲ.

ಯೂನಿಟಿ ಡೌ ಕೋರ್ಟಿಗೆ ಹೋದ್ರು. ಸರ್ಕಾರದ ವಾದ ಏನಿತ್ತು ಗೊತ್ತಾ? ನಮ್ಮದು ಗಂಡಸರ ಯಜಮಾನಿಕೆಯ ಸಮಾಜ, ಮಕ್ಕಳು ಅಪ್ಪನ ಕುಲಕ್ಕೆ ಸೇರ್ತಾರೆ, ಕಾಯಿದೆ ಆ ಪದ್ಧತಿಗೆ ತಕ್ಕ ಹಾಗೇ ಇದೆ. ಇದರ ಮೇಲೆ ಒಂದು ಜಾಣ ಪಾಯಿಂಟು. ಸಂವಿಧಾನದ 15ನೇ ವಿಧಿಯಲ್ಲಿ ಯಾವ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅನ್ನೋ ಪಟ್ಟಿ ಇದೆ: ಜನಾಂಗ, ಬುಡಕಟ್ಟು, ಊರು, ರಾಜಕೀಯ ಅಭಿಪ್ರಾಯ, ಬಣ್ಣ, ಧರ್ಮ. ‘ಲಿಂಗ’ ಅನ್ನೋ ಪದ ಅದರಲ್ಲಿ ಇಲ್ಲ. ಬೇಕಂತಲೇ ಬಿಟ್ಟಿದ್ದು ಸ್ವಾಮಿ, ಅಂದ್ರು ಸರ್ಕಾರದ ವಕೀಲರು.

ನಾನು ಬಿಕಾಂ ಓದಿದವನು. ಲೆಡ್ಜರಲ್ಲಿ ಒಂದು ಸಾಲು ಬಿಟ್ಟು ಹೋದ್ರೆ ಅದನ್ನ ತಪ್ಪು ಅಂತೀವಿ. ಇಲ್ಲಿ ಬಿಟ್ಟು ಹೋಗಿದ್ದನ್ನೇ ಹಕ್ಕು ಅಂತ ವಾದಿಸಿದ್ರಲ್ಲ, ನನಗೆ ಅದನ್ನ ಇವತ್ತಿಗೂ ಅರಗಿಸಿಕೊಳ್ಳೋಕೆ ಆಗಲ್ಲ.

1991ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಟಿನ್ ಹಾರ್ವಿಟ್ಜ್ ಆಕೆಯ ಪರ ತೀರ್ಪು ಕೊಟ್ರು. ಸರ್ಕಾರ ಮೇಲ್ಮನವಿ ಹಾಕ್ತು. 1992ರ ಜುಲೈಯಲ್ಲಿ ಮೇಲಿನ ಕೋರ್ಟಿನ ಐವರಲ್ಲಿ ಮೂವರು ಆಕೆಯ ಪರ, ಇಬ್ಬರು ವಿರುದ್ಧ. ಪೀಠದ ಮುಖ್ಯಸ್ಥ ಆಸ್ಟಿನ್ ಅಮಿಸ್ಸಾ ಕೈ ಹಾಕಿದ್ದು ಸಂವಿಧಾನದ 3ನೇ ವಿಧಿಗೆ. ಅಲ್ಲಿ ಎಲ್ಲರಿಗೂ ಹಕ್ಕು ಕೊಡುವಾಗ ಲಿಂಗದ ಮಾತು ಸ್ಪಷ್ಟವಾಗೇ ಇತ್ತು. ಮುಂದಿನ ವಿಧಿಯ ಪಟ್ಟಿಯಲ್ಲಿ ಒಂದು ಪದ ಇಲ್ಲ ಅಂದ ಮಾತ್ರಕ್ಕೆ ಆ ಹಕ್ಕು ಹೋಗಲ್ಲ, ಪದ್ಧತಿ ಸಂವಿಧಾನಕ್ಕಿಂತ ದೊಡ್ಡದೂ ಅಲ್ಲ ಅಂದ್ರು. ಆದ್ರೂ ಕಾಯಿದೆ ಬದಲಾಗಿದ್ದು 1995ರಲ್ಲಿ, ಅಂದ್ರೆ ಮೂರು ವರ್ಷ ಬಿಟ್ಟು. 1998ರಲ್ಲಿ ಇದೇ ಯೂನಿಟಿ ಡೌ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಆದ್ರು.

‘ಪಾಪ, ಆಫ್ರಿಕಾದಲ್ಲಿ ಹಾಗೆಲ್ಲ ಇತ್ತಂತೆ’ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಒಂದು ನಿಮಿಷ. ನಮ್ಮ 1955ರ ಪೌರತ್ವ ಕಾಯಿದೆ ತೆಗೀರಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಈ ತೊಂದರೆ ಇರಲಿಲ್ಲ. ಆದ್ರೆ ವಿದೇಶದಲ್ಲಿ ಹುಟ್ಟಿದ ಮಗು ವಂಶದ ಮೂಲಕ ಭಾರತೀಯ ಆಗಬೇಕಂದ್ರೆ ಅಪ್ಪ ಭಾರತೀಯನಾಗಿರಬೇಕಿತ್ತು. ಅಮ್ಮ ಲೆಕ್ಕಕ್ಕಿಲ್ಲ. ಮಂಗಳೂರಿನ ನರ್ಸ್ ಒಬ್ಬರು ಹೊರದೇಶಕ್ಕೆ ಕೆಲಸಕ್ಕೆ ಹೋಗಿ, ಅಲ್ಲಿ ಬೇರೆ ದೇಶದವರನ್ನ ಮದುವೆಯಾಗಿ, ಅಲ್ಲೇ ಹೆತ್ತರು ಅಂದ್ಕೊಳ್ಳಿ. ಆ ಮಗುವಿಗೆ ಅಮ್ಮನ ದೇಶ ತಾನಾಗಿ ಬರ್ತಿರಲಿಲ್ಲ. ಮದುವೆ ಆಧಾರದ ಮೇಲೆ ನೋಂದಣಿ ಮಾಡಿಸೋ ಅವಕಾಶನೂ ಮೊದಲು ಇದ್ದಿದ್ದು ಭಾರತೀಯರ ಹೆಂಡತಿಯರಿಗೆ ಮಾತ್ರ. 1986ರ ತಿದ್ದುಪಡಿ ಬಂದ ಮೇಲೆ ಗಂಡಂದಿರಿಗೂ ಸಿಕ್ತು. ಈಗ ಅದಕ್ಕೆ ಭಾರತದಲ್ಲಿ ಏಳು ವರ್ಷ ವಾಸ ಆಗಿರಬೇಕು.

ಅಮ್ಮನ ಹೆಸರು ನಮ್ಮ ಕಾಯಿದೆಗೆ ಸೇರಿದ್ದು 1992ರ ಡಿಸೆಂಬರ್ 10ಕ್ಕೆ, ಬೋಟ್ಸ್ವಾನಾ ತೀರ್ಪು ಬಂದು ಐದು ತಿಂಗಳಿಗೆ. ಅದೂ ಅಲ್ಲಿಂದ ಮುಂದಕ್ಕೆ ಮಾತ್ರ, ಹಿಂದಕ್ಕಿಲ್ಲ. ಡಿಸೆಂಬರ್ 9ರ ರಾತ್ರಿ ವಿದೇಶದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಅಪ್ಪ ಬೇಕು, ಮಾರನೇ ದಿನ ಅದೇ ವಾರ್ಡಲ್ಲಿ ಹುಟ್ಟಿದ ಮಗುವಿಗೆ ಅಮ್ಮ ಸಾಕು.

ಕೇಳ್ತಿರೋ ನಿಮ್ಮಲ್ಲಿ ಯಾರಾದ್ರೂ ಹೊರದೇಶದಲ್ಲಿದ್ದು, ಮನೇಲಿ ಪುಟ್ಟ ಮಗು ಇದ್ರೆ ಒಂದು ಮಾತು. 2004ರ ಡಿಸೆಂಬರ್‌ನಿಂದ ಅಪ್ಪನೋ ಅಮ್ಮನೋ ಭಾರತೀಯರಾಗಿದ್ರೆ ಅಷ್ಟೇ ಸಾಲದು. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ನೋಂದಣಿ ಆಗಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದು ಕೊಡಬೇಕು. ತಡ ಆದ್ರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತೆ.