ಯಾವ ಊರಿನವರು, ಬಂದು ಎಷ್ಟು ದಿನವಾಯಿತು?

ದಾವಣಗೆರೆ ಕಡೆಯ ತಾಯಿಯೊಬ್ಬರು, ವಯಸ್ಸು ಅರವತ್ತರ ಆಸುಪಾಸು, ಮಗಳ ಬಾಣಂತನಕ್ಕೆಂದು ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಊಟ ಸೇರುತ್ತಿಲ್ಲ, ಮೈ ಇಳಿದಿದೆ, ಕಣ್ಣು ಹಳದಿಗೆ ತಿರುಗಿದೆ. ನೋವು ಮಾತ್ರ ಇಲ್ಲ. ಕಾಮಾಲೆ ಎಂದುಕೊಂಡು ಊರಿನಿಂದ ನಾಟಿ ಔಷಧಿ ತರಿಸಿ ಪಥ್ಯ ಹಿಡಿಯುತ್ತಾರೆ. ಮೂರು ವಾರ ಕಳೆದ ಮೇಲೆ ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತಲೆಭಾಗದಲ್ಲಿ ಗಡ್ಡೆ. ಆಸ್ಪತ್ರೆಯ ಫೈಲಿನಲ್ಲಿ ಬರೆಸಿರುವುದು ಮಗಳ ವಿಳಾಸ. ಕ್ಯಾನ್ಸರ್ ನೋಂದಣಿಯ ಸಿಬ್ಬಂದಿ ಆ ಫೈಲು ತೆರೆದಾಗ ರೋಗದ ಹೆಸರು ಕಣ್ಣೆದುರಿಗೇ ಇರುತ್ತದೆ. ಅವರು ಕೆದಕಿ ಕೇಳಬೇಕಾದದ್ದು ಬೇರೆ: ಅಮ್ಮ, ನೀವು ಇಲ್ಲಿಗೆ ಬಂದು ಎಷ್ಟು ದಿನವಾಯಿತು? ವರ್ಷ ತುಂಬಿದ್ದರೆ ಅವರು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾರೆ, ಇಲ್ಲದಿದ್ದರೆ ಇಲ್ಲ.

ಬೆಂಗಳೂರಿನಲ್ಲಿ ಈ ಲೆಕ್ಕ ಶುರುವಾದದ್ದು 1982ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ, 1973ರಲ್ಲಿ ಸ್ಥಾಪನೆಯಾಗಿದ್ದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದರ ಹೊಣೆ ಹೊತ್ತಿತು. ಮುಂಬೈ ಮತ್ತು ಮದರಾಸು ಮೊದಲ ಸುತ್ತಿನ ಜೊತೆಗಾರರು. ಆಸ್ಪತ್ರೆಗಳು ವರದಿ ಕಳಿಸಲಿ ಎಂದು ಕಾಯುತ್ತ ಕೂರದೆ, ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬುಗಳಿಗೆ ಹೋಗಿ ಫೈಲು ಹುಡುಕುವ, ಪಾಲಿಕೆಯ ಮರಣ ದಾಖಲೆಗಳೊಡನೆ ತಾಳೆ ನೋಡುವ ಪದ್ಧತಿ ಇದು. ಸದ್ದಿಲ್ಲದ ಈ ದುಡಿಮೆಯ ಮೇಲೆಯೇ ನಮ್ಮ ಉಳಿದೆಲ್ಲ ಮಾತುಗಳೂ ನಿಂತಿವೆ.

ಆದರೂ ಆ ಮೊದಲ ವರ್ಷಗಳ ಪ್ಯಾಂಕ್ರಿಯಾಸ್ ಅಂಕಿಗಳನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಿರುವ ಅಂಗವಿದು. ಸಿ.ಟಿ. ಸ್ಕ್ಯಾನ್ ಅಪರೂಪವಾಗಿದ್ದ ದಿನಗಳಲ್ಲಿ ಹೊಟ್ಟೆ ತೆರೆದು ನೋಡದೆ ರೋಗ ಖಚಿತವಾಗುವುದು ಕಷ್ಟವಿತ್ತು. ಎಷ್ಟೋ ಜನ ಬರೀ ಕಾಮಾಲೆಯ ಹೆಸರಿನಲ್ಲೇ ಹೋಗಿರಬೇಕು. ಹಾಗಾಗಿ ನಂತರದ ಏರಿಕೆಯಲ್ಲಿ ರೋಗದ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಭಾರತದ ನೋಂದಣಿಗಳ ಹಿಂದಿನ ಅಂಕಿಗಳಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಗಂಡಸರಿಗೆ 0.5ರಿಂದ 2.4, ಲಕ್ಷ ಹೆಂಗಸರಿಗೆ 0.2ರಿಂದ 1.8ರಷ್ಟು. ಅತಿ ಹೆಚ್ಚು ಕಾಣುವುದು ಮಿಜೋರಾಮಿನಲ್ಲಿ. ಪಾಶ್ಚಾತ್ಯ ದೇಶಗಳ ದರ ಇದರ ಹಲವು ಪಟ್ಟು. ಸಂಖ್ಯೆ ಸಣ್ಣದೆಂದು ಸಮಾಧಾನಪಡುವಂತಿಲ್ಲ: 2020ರಲ್ಲಿ ಜಗತ್ತಿನಾದ್ಯಂತ ಸುಮಾರು 4.96 ಲಕ್ಷ ಹೊಸ ರೋಗಿಗಳಾದರೆ, ಅದೇ ವರ್ಷ ಸತ್ತವರು 4.66 ಲಕ್ಷ. ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಒದಗುವವರು ಐವರಲ್ಲಿ ಒಬ್ಬರೂ ಇಲ್ಲ.

ದರವೆಂದರೆ ಒಂದು ಭಿನ್ನರಾಶಿ. ಮೇಲೆ ರೋಗಿಗಳು, ಕೆಳಗೆ ಜನಸಂಖ್ಯೆ. ಹೊರ ಬೆಂಗಳೂರಿನಲ್ಲಿ ಈ ಎರಡೂ ನಿಂತ ಕಡೆ ನಿಲ್ಲುವುದಿಲ್ಲ. ನೋಂದಣಿ ಶುರುವಾದಾಗ ರಾಜ್ಯ ಸರ್ಕಾರದ ಕಿಯೋನಿಕ್ಸ್‌ ಸಂಸ್ಥೆಯ ಆರ್.ಕೆ. ಬಾಳಿಗಾ ಅವರ ಕನಸಿನ ಎಲೆಕ್ಟ್ರಾನಿಕ್ ಸಿಟಿಗೆ ನಾಲ್ಕೇ ವರ್ಷ. ವೈಟ್‌ಫೀಲ್ಡ್ ಆಗಿನ್ನೂ ಹೆಂಚಿನ ಮನೆಗಳ ಆಂಗ್ಲೋ ಇಂಡಿಯನ್ ಊರು. ಮಹದೇವಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ಸೇರಿ 7 ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳು ಬೆಂಗಳೂರು ಪಾಲಿಕೆಯೊಳಗೆ ಬಂದದ್ದು 2007ರಲ್ಲಿ. ಐಟಿ ಉದ್ಯೋಗಿಗಳು ಬಹುಪಾಲು ಎಳೆಯರು, ಈ ಕ್ಯಾನ್ಸರ್ ಬಹುಪಾಲು ಐವತ್ತು ದಾಟಿದವರದು. ವಯಸ್ಸಿನ ಹೊಂದಾಣಿಕೆ ಮಾಡದೆ ನೋಡಿದರೆ ಈ ಬಡಾವಣೆಗಳು ಸುಳ್ಳೇ ಆರೋಗ್ಯವಂತವಾಗಿ ಕಾಣುತ್ತವೆ. ಆಸ್ಪತ್ರೆಯ ಎಣಿಕೆ ನೋಡಿದರೆ ತಪ್ಪು ಉಲ್ಟಾ ಆಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರವಿರುವ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಗೆ ಬಂಗಾಳದಿಂದ, ಬಾಂಗ್ಲಾದೇಶದಿಂದ ಜನ ಬರುತ್ತಾರೆ. ಆ ಸಾಲು ನೋಡಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾನ್ಸರ್ ಹೆಚ್ಚಿದೆ ಎನ್ನಲಾಗದು.

ಪೀಣ್ಯ ಕೈಗಾರಿಕಾ ಪ್ರದೇಶದ ಕಥೆ ಇನ್ನೊಂದು ದಿಕ್ಕಿನದು. ಅಲ್ಲಿನ ಶೆಡ್ಡುಗಳಲ್ಲಿ ಲೋಹಕ್ಕೆ ಪ್ಲೇಟಿಂಗ್ ಮಾಡುವವರು, ಬಿಡಿಭಾಗಗಳ ಗ್ರೀಸು ತೊಳೆಯುವವರು ಸಾವಿರಾರು ಜನ. ಫಿನ್ಲೆಂಡಿನ ಒಯಾಯಾರ್ವಿ ಮತ್ತು ಸಂಗಡಿಗರು 2000ದಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕ್ಲೋರಿನ್‌ಯುಕ್ತ ದ್ರಾವಕ ಮುಟ್ಟುವವರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಅಪಾಯ 1.4 ಪಟ್ಟು, ನಿಕಲ್ ಮುಟ್ಟುವವರಲ್ಲಿ 1.9 ಪಟ್ಟು ಕಂಡಿತು. ಪೀಣ್ಯದ ಅಂತರ್ಜಲದ ಕ್ರೋಮಿಯಂ ಬಗ್ಗೆ ನಮಗೆ ಕೋಪವಿರಬೇಕಾದದ್ದೇ, ಆದರೆ ಅದರ ಮೇಲಿರುವ ದೃಢವಾದ ಆರೋಪ ಶ್ವಾಸಕೋಶದ ಕ್ಯಾನ್ಸರಿನದು. ಎರಡನ್ನೂ ಕಲಸಬಾರದು. ತಂಬಾಕಿನ ಸಾಕ್ಷ್ಯ ಇವೆಲ್ಲಕ್ಕಿಂತ ಗಟ್ಟಿ. ಬೀಡಿ ಸಿಗರೇಟಿನ ಹೊಗೆಯಷ್ಟೇ ಅಲ್ಲ, ಅಗಿಯುವ ತಂಬಾಕೂ ಪ್ಯಾಂಕ್ರಿಯಾಸಿಗೆ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರ ಸಂಪುಟದಲ್ಲಿ ಹೇಳಿತು. ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ.

ಮೊದಲ ಜೀವಕೋಶ ಕೆಟ್ಟಲ್ಲಿಂದ ಈ ಕ್ಯಾನ್ಸರ್ ಬಲಿಯಲು ದಶಕಕ್ಕೂ ಹೆಚ್ಚು ಹಿಡಿಯುತ್ತದೆ ಎಂದು 2010ರ ಜಾನ್ಸ್ ಹಾಪ್ಕಿನ್ಸ್ ಅಧ್ಯಯನ ತೋರಿಸಿತು. ನಲವತ್ತರಲ್ಲಿ ಪೀಣ್ಯದ ತೊಟ್ಟಿಗೆ ಕೈ ಅದ್ದಿದವನು ಅರವತ್ತಕ್ಕೆ ಕೆಲಸ ಬಿಟ್ಟು ಕುಣಿಗಲ್ ಕಡೆಯ ತನ್ನ ಹಳ್ಳಿ ಸೇರಿರುತ್ತಾನೆ. ರೋಗ ಅಲ್ಲಿ ಕಾಣಿಸಿಕೊಂಡರೆ ಬೆಂಗಳೂರಿನ ಪುಸ್ತಕದಲ್ಲಿ ಅವನ ಸಾಲಿಲ್ಲ.

ಈ ಕ್ಯಾನ್ಸರಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟಿನ ಎಳೆ ಹಿಡಿದವರಲ್ಲಿ ವೈದ್ಯ ಸುರೇಶ್ ಚಾರಿ ಮುಖ್ಯರು. ಕೇರಳದಲ್ಲಿ ಹೆಚ್ಚಾಗಿದ್ದ, ಗ್ರಂಥಿಯಲ್ಲಿ ಕಲ್ಲು ಕಟ್ಟುವ ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಬಗ್ಗೆ ಅವರು ಮಧುಮೇಹ ತಜ್ಞ ವಿ. ಮೋಹನ್ ಮೊದಲಾದವರೊಡನೆ 1994ರಲ್ಲಿ ಬರೆದರು: 185 ರೋಗಿಗಳ ಪೈಕಿ ತೀರಿಕೊಂಡ 24 ಮಂದಿಯಲ್ಲಿ 6 ಜನರನ್ನು ಕೊಂಡೊಯ್ದದ್ದು ಪ್ಯಾಂಕ್ರಿಯಾಸ್ ಕ್ಯಾನ್ಸರ್. ಮುಂದೆ 2005ರಲ್ಲಿ ಅಮೆರಿಕದ ಮಿನೆಸೋಟದಿಂದ ಅವರ ತಂಡ ವರದಿ ಮಾಡಿತು: ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ 2,122 ಜನರಲ್ಲಿ 18 ಮಂದಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್. ಅಂದರೆ ಸಕ್ಕರೆ ಕೆಲವೊಮ್ಮೆ ರೋಗದ ಕಾರಣವಲ್ಲ, ಅದರ ಮೊದಲ ಸುದ್ದಿ. ಕಂಪನಿಗಳ ವಾರ್ಷಿಕ ಚೆಕಪ್ಪಿನಲ್ಲಿ ಶುಗರ್ ಬರೆದಿಡುತ್ತಾರೆ, ತೂಕವನ್ನೂ ಬರೆದಿಡುತ್ತಾರೆ. ದಪ್ಪಗಾಗದೆ, ಸಣ್ಣಗಾಗುತ್ತಲೇ ಶುಗರ್ ಏರಿದವರ ಕಾಗದವನ್ನು ವೈದ್ಯರು ಎರಡನೇ ಸಲ ನೋಡಬೇಕು. ಹೊಸ ಖರ್ಚಿಲ್ಲದೆ ಇಂದೇ ಆಗಬಹುದಾದ ಕೆಲಸವಿದು.

ಮತ್ತೆ ದರದ ಮಾತಿಗೆ ಬಂದರೆ, ಭಿನ್ನರಾಶಿಯ ಕೆಳಗಿನ ಅಂಕಿ, ಅಂದರೆ ಜನಸಂಖ್ಯೆ, 2011ರ ಜನಗಣತಿಯ ಮೇಲೆ ಕಟ್ಟಿದ ಅಂದಾಜು. ಆಮೇಲೆ ಎದ್ದ ವೈಟ್‌ಫೀಲ್ಡಿನ ಗೋಪುರಗಳಲ್ಲಿ, ಪೀಣ್ಯದ ಹಿಂದಿನ ಬಾಡಿಗೆ ಕೋಣೆಗಳಲ್ಲಿ ಎಷ್ಟು ಜನ, ಯಾವ ವಯಸ್ಸಿನವರು ಎಂಬುದನ್ನು ಮನೆ ಮನೆ ತಟ್ಟಿ ಎಣಿಸಬೇಕಾಗಿದೆ.