ಒಂದೇ ಮನೆಯ ಇಬ್ಬರು ಆರೈಕೆಗೆ ಅರ್ಹರು: ಗರ್ಭಿಣಿ ಮತ್ತು ಅಜ್ಜಿ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ, ಲಕ್ಷ್ಮಣತೀರ್ಥ ನದಿಗೆ ಕಟ್ಟಿದ ಅಣೆಕಟ್ಟೆಯಿಂದ ಪರಿಚಿತವಾದ ಗ್ರಾಮ. ಇಲ್ಲಿನಂತೆಯೇ ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ದುಡಿಯುವ ವಯಸ್ಸಿನ ಅನೇಕರು ಮೈಸೂರು, ಬೆಂಗಳೂರುಗಳನ್ನು ಸೇರಿದ್ದಾರೆ. ಊರಿನ ಮನೆಯಲ್ಲಿ ಉಳಿದವರು ವಯೋವೃದ್ಧರು. ಹೆರಿಗೆಗೆಂದು ತವರಿಗೆ ಬರುವ ಮಗಳ ಬಾಣಂತನವೂ ಅವರದೇ ಹೊಣೆ. ಹೀಗೆ ಶುಶ್ರೂಷೆ ಬೇಕಾದ ಇಬ್ಬರು ಒಂದೇ ಸೂರಿನಡಿ ಇರುತ್ತಾರೆ. ಗರ್ಭಿಣಿಯ ಬಳಿಗೆ ಆರೋಗ್ಯ ವ್ಯವಸ್ಥೆ ತಾನಾಗಿ ಬರುತ್ತದೆ. ಅಜ್ಜಿಯ ವಿಷಯದಲ್ಲಿ ಹಾಗಿಲ್ಲ.

ಅಂಕಿ-ಅಂಶ ಹೇಳುವುದೇನು?

ತಾಯಂದಿರ ಆರೈಕೆಯಲ್ಲಿ ರಾಜ್ಯದ ಸಾಧನೆ ಸಣ್ಣದಲ್ಲ. ಮಾದರಿ ನೋಂದಣಿ ಸಮೀಕ್ಷೆಯಂತೆ 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. 2018-20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಶೇ. 65ರಷ್ಟಿದ್ದ ಆಸ್ಪತ್ರೆ ಹೆರಿಗೆ, 2019-20ರಲ್ಲಿ ಶೇ. 97ಕ್ಕೆ ಏರಿತು. ಆದರೆ ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ಶೇ. 45ಕ್ಕೂ ಹೆಚ್ಚು ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತು. ಹೆರಿಗೆ ಆಸ್ಪತ್ರೆಗೆ ಬಂದರೂ ಅದಕ್ಕೆ ಮುಂಚಿನ ಒಂಬತ್ತು ತಿಂಗಳ ಆರೈಕೆ ಮನೆಯಲ್ಲೇ ನಡೆಯಬೇಕೆಂಬುದನ್ನು ಇದು ತೋರಿಸುತ್ತದೆ.

ಇತ್ತ 2011ರ ಜನಗಣತಿಯಲ್ಲಿ 60 ವರ್ಷ ದಾಟಿದವರ ಪ್ರಮಾಣ ದೇಶದಲ್ಲಿ ಶೇ. 8.6 ಇದ್ದರೆ, ಕರ್ನಾಟಕದಲ್ಲಿ ಶೇ. 9.5ರಷ್ಟಿತ್ತು. ಹಿರಿಯರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2010-11ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅಷ್ಟಾದರೂ ತಾಯಿ ಕಾರ್ಡ್‌ನಂತೆ ಪ್ರತಿ ಮನೆಗೂ ಪರಿಚಿತವಾದ ಕಾರ್ಡ್ ಹಿರಿಯರ ಕೈಗೆ ಬಂದಿಲ್ಲ.

ಗರ್ಭಿಣಿಗೆ ಒಂದು ಪಂಚಾಂಗ

ಬಯಲು ಸೀಮೆಯಲ್ಲಿ 5,000 ಹಾಗೂ ಗುಡ್ಡಗಾಡು, ಗಿರಿಜನ ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ನಿಯಮ. ಅಲ್ಲಿನ ಆರೋಗ್ಯ ಸಹಾಯಕಿ ಮತ್ತು ಊರಿನ ಆಶಾ ಕಾರ್ಯಕರ್ತೆ ಗರ್ಭಿಣಿಯ ಹೆಸರನ್ನು 12 ವಾರಗಳೊಳಗೆ ನೋಂದಾಯಿಸಿ ತಾಯಿ ಕಾರ್ಡ್ ನೀಡುತ್ತಾರೆ. ಕನಿಷ್ಠ ನಾಲ್ಕು ತಪಾಸಣೆ ಕಡ್ಡಾಯ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದಲೇ ಉಚಿತ ತಪಾಸಣೆ ನಡೆಸುವ ವ್ಯವಸ್ಥೆ 2016ರಿಂದ ಇದೆ. 2017ರಲ್ಲಿ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಿಸಿಯೂಟ ದೊರೆಯುತ್ತದೆ.

ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು. ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಸೇವಿಸಬೇಕು. ಚಹಾ, ಕಾಫಿಯ ಜತೆ ಸೇವಿಸಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳ ಊತ, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು ಅಪಾಯದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಕಾಯುವಂತಿಲ್ಲ.

ಹೊಗೆಸೊಪ್ಪಿನ ಸೀಮೆಯ ಎಚ್ಚರ

ಹುಣಸೂರು, ಪಿರಿಯಾಪಟ್ಟಣ ಭಾಗ ಹೊಗೆಸೊಪ್ಪಿನ ಬೆಳೆಗೆ ಹೆಸರಾದುದು. ಮಳೆ ಅಥವಾ ಇಬ್ಬನಿಯಿಂದ ಒದ್ದೆಯಾದ ಹಸಿ ಎಲೆಯನ್ನು ಬರಿಗೈಯಲ್ಲಿ ಮುರಿದಾಗ ನಿಕೋಟಿನ್ ಚರ್ಮದ ಮೂಲಕ ದೇಹಕ್ಕೆ ಇಳಿಯುತ್ತದೆ. ವಾಂತಿ, ತಲೆಸುತ್ತು, ನಿಶ್ಶಕ್ತಿ ಅದರ ಲಕ್ಷಣಗಳು. ಗರ್ಭದ ಮೊದಲ ತಿಂಗಳುಗಳಲ್ಲಿ ಇದನ್ನು ಬಸುರಿಯ ಸಹಜ ವಾಂತಿಯೆಂದೇ ಭಾವಿಸಿ ಕಡೆಗಣಿಸುವ ಸಂಭವವುಂಟು. ಗರ್ಭಿಣಿಯರನ್ನು ಸೊಪ್ಪು ಮುರಿಯುವ, ಪೋಣಿಸುವ ಕೆಲಸದಿಂದ ದೂರವಿಡುವುದೇ ಕ್ಷೇಮ.

ಕಾಡಂಚಿನ ಪಾಠ

ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ದೂರವೇ ದೊಡ್ಡ ರೋಗ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸ್ಥಾಪಿಸಿದರು. ಬ್ರಹ್ಮಗಿರಿ ಹಾಡಿಯಲ್ಲಿ ಜೇನುಕುರುಬ, ಕಾಡುಕುರುಬ ಸಮುದಾಯಗಳ ನಡುವೆ ಆರಂಭವಾದ ಅವರ ವೈದ್ಯಕೀಯ ಸೇವೆ ಮುಂದೆ ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಾಗಿ ಬೆಳೆಯಿತು. ರೋಗಿ ಬರಲಾಗದ ಕಡೆಗೆ ಆರೈಕೆಯೇ ಹೋಗಬೇಕೆಂಬುದು ಕಾಡಂಚು ಕಲಿಸುವ ಪಾಠ. ಹಾಸಿಗೆ ಹಿಡಿದ ವೃದ್ಧರಿಗೂ ಅದು ಅನ್ವಯಿಸುತ್ತದೆ. ಅವರಿಗೆ ಊರೊಳಗಿನ ಆಸ್ಪತ್ರೆಯೂ ದೂರವೇ.

ಬಾಣಂತನ ಮಾಡುವವರನ್ನು ನೋಡುವವರು ಯಾರು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಮಗುವಿಗೆ ಹೊಗೆ ಹಾಕುವುದು, ಮೊದಲ ಹಳದಿ ಹಾಲನ್ನು ಚೆಲ್ಲುವುದು ಸಲ್ಲದು ಎಂದು ತಿಳಿಸುವ ಸಂದರ್ಭವೂ ಅದೇ. ಆ ಆರು ಭೇಟಿಗಳಲ್ಲಿ ನೀರು ಕಾಯಿಸಿ, ಮಗುವನ್ನು ಮೀಯಿಸಿ, ರಾತ್ರಿ ನಿದ್ದೆಗೆಟ್ಟ ಅಜ್ಜಿ ಪಕ್ಕದಲ್ಲೇ ನಿಂತಿರುತ್ತಾರೆ. ಅವರ ರಕ್ತದೊತ್ತಡ, ಮಧುಮೇಹ, ಮಂಡಿನೋವು ಯಾವ ಕಾರ್ಡ್‌ನಲ್ಲಿಯೂ ದಾಖಲಾಗುವುದಿಲ್ಲ. ತಾಯಿ-ಮಗುವಿಗೆಂದು ತೆರೆದ ಬಾಗಿಲಲ್ಲೇ ಅಜ್ಜಿಯನ್ನೂ ವಿಚಾರಿಸಿ, ಅಗತ್ಯವಿದ್ದರೆ ಉಪಕೇಂದ್ರದ ತಪಾಸಣೆಗೆ ಕಳುಹಿಸಿದರೆ ಎರಡು ತಲೆಮಾರುಗಳ ಆರೈಕೆ ಒಟ್ಟಿಗೆ ನಡೆಯಬಲ್ಲದು. ಮನೆಮನೆಗೆ ತೆರಳಿ 30 ವರ್ಷ ಮೀರಿದವರನ್ನು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ್ದು ಈ ದಿಕ್ಕಿನ ಹೆಜ್ಜೆ. ಆದರೆ ಆಶಾ ಕಾರ್ಯಕರ್ತೆಯ ಹೆಗಲಿಗೆ ಕೆಲಸ ಏರಿಸುವಾಗ ಗೌರವಧನವೂ ಏರಬೇಕೆಂಬುದನ್ನು ಮರೆಯುವಂತಿಲ್ಲ.

ಮನೆಯಲ್ಲಿ ಹಿರಿಯರ ಶುಶ್ರೂಷೆ

* ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿಯ ಚರ್ಮ ಕೆಂಪಾದರೆ ಅದು ಹಾಸಿಗೆ ಹುಣ್ಣಿನ ಮೊದಲ ಸೂಚನೆ.
* ಬಚ್ಚಲಿನ ಜಾರಿಕೆ, ಮಂದ ಬೆಳಕು, ಎತ್ತರದ ಹೊಸ್ತಿಲು ಬೀಳಲು ಕಾರಣ. ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪವಿಡಿ.
* ಸೇವಿಸುವ ಎಲ್ಲ ಮಾತ್ರೆಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟು ಪ್ರತಿ ವೈದ್ಯರಿಗೂ ತೋರಿಸಿ. ಗುಣ ಕಂಡಿತೆಂದು ರಕ್ತದೊತ್ತಡದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.
* ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಕೇಳುವವರೆಗೆ ಕಾಯದೆ ಆಗಾಗ್ಗೆ ನೀರು, ಮಜ್ಜಿಗೆ, ಗಂಜಿ ಕೊಡಿ. ಹೃದಯ, ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣವನ್ನು ವೈದ್ಯರಿಂದ ತಿಳಿಯಿರಿ.
* ಹಠಾತ್ ಗೊಂದಲ, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಸ್ವಾಧೀನ ತಪ್ಪುವುದು ತುರ್ತು ಸ್ಥಿತಿ. ಇವು ವಯಸ್ಸಿನ ಸಹಜ ಲಕ್ಷಣಗಳಲ್ಲ.

ತುರ್ತು ವಾಹನಕ್ಕೆ 108, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಗೆ 14567 ಸಂಖ್ಯೆಗೆ ಕರೆ ಮಾಡಬಹುದು. ನಗರದಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಹೋದಾಗ ತಾಯಿ ಕಾರ್ಡ್‌ನಂತೆಯೇ ಅಪ್ಪ-ಅಮ್ಮನಿಗೂ ಒಂದು ಪುಸ್ತಕ ಮಾಡಿ, ರೋಗ, ಮಾತ್ರೆ, ರಕ್ತದೊತ್ತಡ, ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟು ಬರಬಹುದು. ಅದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ.